ಗೌರಿ ಹೂವಿನ ಗುರುತು



ಮಘೆ ಮಳೆ ಕಳೆದು ಹುಬ್ಬೆ ಹಿಡಿಯುವ ಹೊತ್ತಿಗೆ ನಮ್ಮ ಚಿತ್ರದುರ್ಗ ಸೀಮೆಯ ಬೇಲಿಸಾಲಿನಲ್ಲಿ ಒಂದು ಹೂ ಕಾಣಿಸಿಕೊಳ್ಳುತ್ತದೆ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಲಂಟಾನದ ಪೊದೆಗಳಲ್ಲಿ, ಜೋಗಿಮಟ್ಟಿಯ ಕುರುಚಲು ಕಾಡಿನ ಅಂಚಿನಲ್ಲಿ, ಹಿರಿಯೂರಿನ ಸುತ್ತ ಹಳೆಯ ಕಳ್ಳಿಬೇಲಿ ಇನ್ನೂ ಉಳಿದಿರುವ ಹೊಲಗಳಲ್ಲಿ ಅದು ಅರಳುತ್ತದೆ. ಬುಡ ಹಳದಿ, ಮೇಲೆಲ್ಲ ಕೆಂಪು. ಎಸಳುಗಳು ಹಿಂದಕ್ಕೆ ಮಡಚಿ ಆಕಾಶದ ಕಡೆ ಎದ್ದು ನಿಂತಿರುತ್ತವೆ. ಭಾದ್ರಪದ ಶುದ್ಧ ತದಿಗೆಯ ಗೌರಿ ಹಬ್ಬದ ಆಸುಪಾಸಿನಲ್ಲೇ ಬಿಡುವುದರಿಂದ ನಮ್ಮ ಹೆಣ್ಣುಮಕ್ಕಳು ಅದನ್ನು ಗೌರಿ ಹೂ ಎಂದರು. ಅಗ್ನಿಶಿಖೆ, ಕೋಳಿಕುಟುಮ, ಶಿವಶಕ್ತಿ ಬಳ್ಳಿ, ಅಕ್ಕತಂಗಿ ಬಳ್ಳಿ, ಹುಲಿಯುಗುರು, ಕರಡಿಕಣ್ಣಿನ ಗಡ್ಡೆ ಎಲ್ಲವೂ ಇದರದೇ ಹೆಸರುಗಳು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಗ್ಲೋರಿಯೋಸಾ ಸೂಪರ್ಬಾ ಎಂದು ಹೆಸರಿಟ್ಟ. ನಮ್ಮ ಬಯಲುಸೀಮೆಯ ಕಾಡುಹೂಗಳಲ್ಲಿ ಇಷ್ಟು ಚೆಲುವಾದದ್ದು ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಈ ಬಳ್ಳಿಯ ಮೈಯೆಲ್ಲ ವಿಷ. ಹೂ, ಎಲೆ, ಕಾಂಡ, ಬೀಜ, ಗಡ್ಡೆ, ಯಾವುದನ್ನೂ ಬಿಡದೆ ಎಲ್ಲದರಲ್ಲೂ ವಿಷವಿದೆ. ಗಡ್ಡೆಯಲ್ಲಿ ಮತ್ತು ಬೀಜದಲ್ಲಿ ಅದು ಹೆಚ್ಚು.

ಇದನ್ನು ತಿಳಿದ ಕೆಲವರು ಬಳ್ಳಿ ಕಂಡ ಕೂಡಲೇ ಕಿತ್ತು ಸುಡುತ್ತಾರೆ. ತಿಳಿಯದ ಕೆಲವರು ಹೂವಿನ ಚೆಲುವಿಗೆ ಸೋತು ಗಡ್ಡೆ ಅಗೆದು ತಂದು ಅಡುಗೆಮನೆಯ ಹಿಂದಿನ ಗೆಣಸಿನ ಮಡಿಯ ಪಕ್ಕದಲ್ಲೇ ಹೂಳುತ್ತಾರೆ. ಎರಡೂ ಸರಿಯಲ್ಲ. ನೂರಾರು ವರ್ಷಗಳಿಂದ ನಮ್ಮ ಹಬ್ಬದ ಜೊತೆ ಬಂದ ಹೂವನ್ನು ಹೆದರಿ ಕಳೆದುಕೊಳ್ಳಬಾರದು. ಗುರುತು ಕಲಿತು, ಜಾಗ ನೋಡಿ, ಮನೆಯವರಿಗೆಲ್ಲ ಹೇಳಿ ಬೆಳೆಸಬೇಕು. ಅದು ಹೇಗೆ ಎಂಬುದನ್ನೇ ಇವತ್ತು ಹೇಳುತ್ತೇನೆ.

ಹೂ ಇದ್ದಾಗ ಗುರುತು ಹಿಡಿಯುವುದು ಯಾರಿಗೂ ಕಷ್ಟವಲ್ಲ. ಕಷ್ಟ ಇರುವುದು ಹೂ ಇಲ್ಲದ ತಿಂಗಳುಗಳಲ್ಲಿ, ಅಪಾಯ ಇರುವುದೂ ಆಗಲೇ. ಆದ್ದರಿಂದ ವರ್ಷದ ಮೊದಲಿನಿಂದ ಹೇಳುತ್ತೇನೆ.

ಮುಂಗಾರಿನ ಮೊದಲ ಹದ ಮಳೆಗೆ, ರೋಹಿಣಿಯೋ ಮೃಗಶಿರವೋ ಬಿದ್ದ ಮೇಲೆ, ನೆಲದಿಂದ ನುಣುಪಾದ ತಿಳಿಹಸಿರು ಮೊಳಕೆ ನೇರವಾಗಿ ಏಳುತ್ತದೆ. ಮೊದಮೊದಲು ಅದಕ್ಕೆ ಆಸರೆ ಬೇಕಿಲ್ಲ. ಎಲೆಗಳಿಗೆ ತೊಟ್ಟಿಲ್ಲ, ಕಾಂಡಕ್ಕೆ ಅಂಟಿಕೊಂಡೇ ಬರುತ್ತವೆ. ನರಗಳು ಬುಡದಿಂದ ತುದಿಯವರೆಗೆ ಒಂದರ ಪಕ್ಕ ಒಂದು ಉದ್ದಕ್ಕೆ ಓಡುತ್ತವೆ. ಈ ಹಂತದಲ್ಲಿ ಅದನ್ನು ಶುಂಠಿಯ ಮೊಳಕೆ ಎಂದೋ ಯಾವುದೋ ಕಾಡು ಲಿಲ್ಲಿ ಎಂದೋ ತಿಳಿಯುವವರಿದ್ದಾರೆ. ಹತ್ತು ಹನ್ನೆರಡು ದಿನ ಕಾದು ಎಲೆಯ ತುದಿ ನೋಡಿ. ತುದಿ ಉದ್ದವಾಗಿ ಎಳೆದುಕೊಂಡು ಕುಡಿಯ ಹಾಗೆ ಸುರುಳಿ ಸುತ್ತಿದ್ದರೆ ಅನುಮಾನವೇ ಬೇಡ, ಅದು ಗೌರಿ ಬಳ್ಳಿ. ಹೀರೆ, ಹಾಗಲದಲ್ಲಿ ಕುಡಿ ಎಲೆಯ ಪಕ್ಕದಿಂದ ಬೇರೆಯಾಗಿ ಹುಟ್ಟುತ್ತದೆ. ಇಲ್ಲಿ ಎಲೆಯ ತುದಿಯೇ ಕುಡಿ. ಅದೇ ಬೇಲಿಯ ಕಡ್ಡಿಗೆ ಸುತ್ತಿಕೊಂಡು ಬಳ್ಳಿಯನ್ನು ಮೇಲಕ್ಕೆ ಎಳೆಯುತ್ತದೆ. ಮಕ್ಕಳಿಗೆ ಕಲಿಸುವುದಾದರೆ ಈ ಒಂದು ಗುರುತನ್ನು ಕಲಿಸಿ. ಒಮ್ಮೆ ಕೈಯಾರೆ ತೋರಿಸಿದರೆ ಅವರು ಮರೆಯುವುದಿಲ್ಲ.

ಹೂ ಎಲೆಯ ಬುಡದಿಂದ ಉದ್ದನೆಯ ತೊಟ್ಟಿನ ಮೇಲೆ ಒಂಟಿಯಾಗಿ ಬರುತ್ತದೆ. ಮೊಗ್ಗು ತಲೆ ಕೆಳಗೆ ಮಾಡಿ ತೂಗುತ್ತಿರುತ್ತದೆ. ಅರಳುವಾಗ ಆರು ಎಸಳುಗಳು ಹಿಂದಕ್ಕೆ ಮಡಚಿಕೊಂಡು ಮೇಲೇರುತ್ತವೆ. ಅಂಚು ನೆರಿಗೆ ನೆರಿಗೆ. ಮೊದಲ ದಿನ ಹಸಿರು ಬೆರೆತ ಹಳದಿ, ಆಮೇಲೆ ತುದಿಯಿಂದ ಕೆಂಪು ಇಳಿಯುತ್ತ ಬಂದು ಕೊನೆಗೆ ಇಡೀ ಹೂ ಕಡುಕೆಂಪಾಗುತ್ತದೆ. ಹೀಗಾಗಿ ಒಂದೇ ಬಳ್ಳಿಯಲ್ಲಿ ಒಂದೇ ಬೆಳಗ್ಗೆ ನಾಲ್ಕೈದು ಬಣ್ಣದ ಹೂ ಕಾಣುತ್ತವೆ. ಆರು ಕೇಸರಗಳು ಸುತ್ತಲೂ ಅಡ್ಡಡ್ಡವಾಗಿ ಚಾಚಿರುತ್ತವೆ. ಎಲ್ಲಕ್ಕಿಂತ ವಿಶೇಷ ಶಲಾಕೆಯದು. ಹೂವಿನ ನಡುವಿನಿಂದ ನೇರ ಕೆಳಗಿಳಿಯಬೇಕಾದ ಆ ಕಡ್ಡಿ ಬುಡದಲ್ಲೇ ಮುರಿದ ಹಾಗೆ ಪೂರ್ತಿ ಪಕ್ಕಕ್ಕೆ ತಿರುಗಿ ನಿಂತಿರುತ್ತದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಆಮೇಲೆ ಹಸಿರು ಕಾಯಿ. ಬಲಿತು ಒಣಗಿದಾಗ ಅದು ಮೂರು ಹೋಳಾಗಿ ಬಿರಿಯುತ್ತದೆ. ಒಳಗೆ ಸಾಲಾಗಿ ಕಿತ್ತಳೆಗೆಂಪಿನ ದುಂಡನೆ ಬೀಜಗಳು. ಕೇಳುಗರೇ, ತಾಯಂದಿರು ದಯವಿಟ್ಟು ಇಲ್ಲಿ ಕಿವಿಗೊಡಬೇಕು. ಹೂವಿಗಿಂತ ಮಕ್ಕಳನ್ನು ಹೆಚ್ಚು ಸೆಳೆಯುವುದು ಈ ಬೀಜ. ಬಣ್ಣ ಹೊಳೆಯುತ್ತದೆ, ಆಟಕ್ಕೆ ಆಯುವಷ್ಟು ಚಿಕ್ಕದು, ಬಾಯಿಗೆ ಹಾಕಿಕೊಳ್ಳುವಷ್ಟು ನುಣುಪು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕಾಯಿ ಬಲಿಯುವ ಮೊದಲೇ ಕತ್ತರಿಸಿಬಿಡಿ. ಹೂ ನೋಡಿದ ಸಂತೋಷಕ್ಕೆ ಅದರಿಂದ ಏನೂ ಕೊರತೆಯಾಗದು.

ಸ್ವಾತಿ ಮಳೆ ಮುಗಿದು ಚಳಿ ಬೀಳುವಾಗ ಬಳ್ಳಿ ಹಳದಿಯಾಗಿ ಸೊರಗುತ್ತದೆ. ಡಿಸೆಂಬರ್, ಜನವರಿಗೆ ನೆಲದ ಮೇಲೆ ಅದರ ಕುರುಹೇ ಇಲ್ಲ. ಆದರೆ ನೆಲದೊಳಗೆ ಗಡ್ಡೆ ಇದೆ. ಎರಡು ಬೆರಳು ಕೋನವಾಗಿ ಕೂಡಿಕೊಂಡ ಆಕಾರ, ನೇಗಿಲನ್ನು ಮಲಗಿಸಿದ ಹಾಗೆ ಕಾಣುತ್ತದೆ. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ಲಾಂಗಲಿ ಎಂದು ಕರೆದದ್ದು ಇದೇ ಆಕಾರ ನೋಡಿ. ಹೊರಸಿಪ್ಪೆ ಕಂದು, ಒಳಗೆ ಬಿಳಿ. ಕತ್ತರಿಸಿದರೆ ಗೆಣಸಿಗೂ ಇದಕ್ಕೂ ತಟ್ಟನೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಶ್ರೀಲಂಕಾದಲ್ಲಿ ಇದನ್ನು ಸಿಹಿಗೆಣಸೆಂದು ಬೇಯಿಸಿ ತಿಂದು ಜೀವ ಕಳೆದುಕೊಂಡವರ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಬೇಯಿಸುವುದರಿಂದಾಗಲಿ ಒಣಗಿಸುವುದರಿಂದಾಗಲಿ ಈ ವಿಷ ಹೋಗುವುದಿಲ್ಲ. ಹೊಲ ಅಗೆಯುವಾಗ, ಬೇಲಿ ಕೀಳುವಾಗ ಸಿಕ್ಕ ಗಡ್ಡೆ ಎರಡು ಬೆರಳಿನ ಆಕಾರದಲ್ಲಿದ್ದರೆ ಅದು ತಿನ್ನುವಂಥದ್ದಲ್ಲ ಎಂದೇ ತಿಳಿಯಿರಿ. ಒಂದು ಬೆರಳು ಮುರಿದು ಒಂಟಿ ತುಂಡು ಸಿಕ್ಕರಂತೂ ಗೆಣಸಲ್ಲ ಎಂದು ಹೇಳುವುದು ಅನುಭವಿಗಳಿಗೂ ಕಷ್ಟ. ಗುರುತು ಗೊತ್ತಿಲ್ಲದ ಗಡ್ಡೆ ಒಲೆಗೆ ಬರಕೂಡದು.

ಈ ವಿಷದ ಹೆಸರು ಕಾಲ್ಚಿಸಿನ್. ಅದು ಮೊದಲು ಸಿಕ್ಕಿದ್ದು ನಮ್ಮ ಗೌರಿ ಹೂವಿನಲ್ಲಲ್ಲ. ಯುರೋಪಿನ ಹುಲ್ಲುಗಾವಲುಗಳಲ್ಲಿ ಅರಳುವ, ಇದರದೇ ವಂಶದ ಕಾಲ್ಚಿಕಂ ಎಂಬ ಹೂವಿನಲ್ಲಿ. 1820ರಲ್ಲಿ ಪ್ಯಾರಿಸ್ಸಿನ ಪೆಲ್ಟಿಯೇ ಮತ್ತು ಕವೆಂಟೂ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದರು. ಅದೇ ವರ್ಷ ಇದೇ ಜೋಡಿ ಮಲೇರಿಯಾದ ಕ್ವಿನೈನನ್ನೂ ಬೇರ್ಪಡಿಸಿತು. ಕಾಲ್ಬೆರಳಿನ ಗಂಟು ಊದಿಕೊಂಡು ನರಳಿಸುವ ಗೌಟ್ ಕಾಯಿಲೆಗೆ ಇವತ್ತಿಗೂ ವೈದ್ಯರು ಕಾಲ್ಚಿಸಿನ್ ಮಾತ್ರೆ ಬರೆಯುತ್ತಾರೆ. ಮಿಲಿಗ್ರಾಂ ಲೆಕ್ಕದಲ್ಲಿ, ಅದೂ ಎಚ್ಚರದಿಂದ.

ಅದು ಮಾಡುವುದೇನು? ನಮ್ಮ ದೇಹದ ಜೀವಕೋಶ ಒಂದು ಎರಡಾಗುವಾಗ ಅದರೊಳಗೆ ಸೂಕ್ಷ್ಮ ಎಳೆಗಳು ಮೂಡಿ, ವರ್ಣತಂತುಗಳನ್ನು ಆಚೆ ಈಚೆ ಎಳೆದು ಪಾಲು ಮಾಡುತ್ತವೆ. ಕಾಲ್ಚಿಸಿನ್ ಆ ಎಳೆಗಳು ಕಟ್ಟಿಕೊಳ್ಳದ ಹಾಗೆ ತಡೆಯುತ್ತದೆ. ಕೋಶ ಒಡೆಯುವುದು ನಿಂತುಹೋಗುತ್ತದೆ. ದೇಹದಲ್ಲಿ ಎಡೆಬಿಡದೆ ಹೊಸ ಕೋಶ ಹುಟ್ಟುವ ಜಾಗಗಳು ಯಾವುವು? ಕರುಳಿನ ಒಳಪದರ, ಮೂಳೆಯ ಮಜ್ಜೆ, ಕೂದಲ ಬುಡ. ಹಾಗಾಗಿ ವಿಷದ ಹೊಡೆತ ಬೀಳುವುದೂ ಅಲ್ಲಿಗೇ, ಬಹುಮಟ್ಟಿಗೆ ಇದೇ ಕ್ರಮದಲ್ಲಿ. ತಿಂದ ಕೆಲವು ಗಂಟೆಗಳಲ್ಲಿ ಬಾಯಿ, ಗಂಟಲು ಉರಿ, ಹೊಟ್ಟೆನೋವು, ನಿಲ್ಲದ ವಾಂತಿ, ನೀರಿನಂಥ ಭೇದಿ. ನೋಡಿದವರು ಕಾಲರಾ ಎಂದುಕೊಳ್ಳಬೇಕು, ಹಾಗಿರುತ್ತದೆ. ಎರಡು ಮೂರು ದಿನಗಳಲ್ಲಿ ರಕ್ತ ಹುಟ್ಟುವ ಮಜ್ಜೆಗೆ ಪೆಟ್ಟು, ಮೂತ್ರಪಿಂಡಕ್ಕೆ ಪೆಟ್ಟು. ಅದನ್ನೂ ದಾಟಿ ಬದುಕಿದವರಿಗೆ ಒಂದೆರಡು ವಾರದ ಮೇಲೆ ತಲೆಗೂದಲು ಉದುರುತ್ತದೆ, ಮತ್ತೆ ಬರುತ್ತದೆ.

ಇದೇ ಗುಣವನ್ನು ಸಸ್ಯತಳಿ ವಿಜ್ಞಾನಿಗಳು ಒಳ್ಳೆಯ ಕೆಲಸಕ್ಕೂ ಬಳಸಿಕೊಂಡರು. ಗಿಡದ ಕೋಶಕ್ಕೆ ಕಾಲ್ಚಿಸಿನ್ ತಾಗಿಸಿದರೆ ವರ್ಣತಂತುಗಳು ಎರಡುಪಟ್ಟಾಗುತ್ತವೆ, ಪಾಲಾಗುವುದಿಲ್ಲ. ಅಮೆರಿಕದ ಬ್ಲೇಕ್ಸ್‌ಲೀ 1937ರಲ್ಲಿ ಇದನ್ನು ತೋರಿಸಿಕೊಟ್ಟರು. ಜಪಾನಿನ ಹಿತೋಶಿ ಕಿಹಾರಾ ಬೀಜವಿಲ್ಲದ ಕಲ್ಲಂಗಡಿ ತಂದದ್ದು ಇದೇ ದಾರಿಯಲ್ಲಿ. ಒಂದೇ ವಸ್ತು ಕರುಳನ್ನು ಕೆಡಿಸುತ್ತದೆ, ಗಂಟಿನ ಉರಿಯನ್ನು ಇಳಿಸುತ್ತದೆ, ಹಣ್ಣಿನ ಬೀಜವನ್ನೂ ಇಲ್ಲವಾಗಿಸುತ್ತದೆ. ಎಷ್ಟು, ಯಾರ ಕೈಯಲ್ಲಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಅದಕ್ಕೇ ನಾನು ಮನೆಮದ್ದಿನ ಬಗ್ಗೆ ನಿಷ್ಠುರವಾಗಿ ಹೇಳುತ್ತೇನೆ. ಆಯುರ್ವೇದ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲಿಟ್ಟಿದೆ. ಗೋಮೂತ್ರದಲ್ಲಿ ನೆನೆಸಿ ಶುದ್ಧಿ ಮಾಡದೆ ಬಳಸಕೂಡದು ಎಂದು ಆ ಶಾಸ್ತ್ರವೇ ವಿಧಿಸಿದೆ. ಓದಿದ ವೈದ್ಯರು ಮಾಡಬೇಕಾದ ಕೆಲಸ ಅದು. ನಮ್ಮ ಹಳ್ಳಿಗಳಲ್ಲಿ ಹಿಂದೆ ಬಸಿರು ಇಳಿಸಲು ಈ ಗಡ್ಡೆ ಬಳಸುತ್ತಿದ್ದ ಕೆಟ್ಟ ರೂಢಿಯೊಂದಿತ್ತು. ಅದು ತಾಯಿಯ ಜೀವವನ್ನೇ ತೆಗೆಯುತ್ತದೆ. ಇವತ್ತು ತಾಲೂಕು ಆಸ್ಪತ್ರೆಯಲ್ಲಿ ಕಾನೂನಿನ ಒಳಗೇ ಸುರಕ್ಷಿತ ವೈದ್ಯಕೀಯ ನೆರವು ಇದೆ. ಯಾವ ಹೆಣ್ಣೂ ಇಂಥ ಗಡ್ಡೆಯ ಕಡೆ ನೋಡಬೇಕಾದ ಕಾಲ ಇದಲ್ಲ.

ಯಾರಾದರೂ ತಿಳಿಯದೆ ತಿಂದುಬಿಟ್ಟರೆ, ಅಥವಾ ಮಗು ಬೀಜ ಬಾಯಿಗೆ ಹಾಕಿಕೊಂಡದ್ದು ಕಂಡರೆ, ವಾಂತಿಯಾಗಲಿ ನೋಡೋಣ ಎಂದು ಕಾಯಬೇಡಿ. ಮೊದಲ ಕೆಲವು ಗಂಟೆ ಏನೂ ಆಗದಿರಬಹುದು. ಅದನ್ನು ನಂಬಿ ಕೂತವರೇ ತೊಂದರೆಗೆ ಸಿಕ್ಕುತ್ತಾರೆ. ಬಾಯಲ್ಲಿ ಉಳಿದದ್ದನ್ನು ತೆಗೆದು, ಬಾಯಿ ಮುಕ್ಕಳಿಸಿ, 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ. ಬಳ್ಳಿಯ ಒಂದು ತುಂಡನ್ನೋ ಉಳಿದ ಗಡ್ಡೆಯನ್ನೋ ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರಿಗೆ ಗೌರಿ ಹೂ ಎಂದರೆ ತಿಳಿಯದೆ ಹೋಗಬಹುದು, ಗ್ಲೋರಿಯೋಸಾ, ಕಾಲ್ಚಿಸಿನ್ ಎಂಬ ಎರಡು ಹೆಸರು ಹೇಳಿ. ಇದಕ್ಕೆ ಕೈಗೆ ಸಿಗುವಂಥ ಪ್ರತಿವಿಷವಿಲ್ಲ. ಬೇಗ ಆಸ್ಪತ್ರೆ ಸೇರುವುದೇ ಇರುವ ದಾರಿ.

ಇನ್ನು ಬೆಳೆಸುವ ಮಾತು. ಇಷ್ಟು ಕೇಳಿದ ಮೇಲೂ ಬೆಳೆಸಬೇಕೇ ಎಂದು ಕೆಲವರು ಕೇಳಬಹುದು. ಬೇಕು ಎನ್ನುತ್ತೇನೆ. ಬೇಲಿಗಳು ಹೋಗಿ ತಂತಿ ಬಂದಿದೆ. ಕಳ್ಳಿ, ಕತ್ತಾಳೆಯ ಸಾಲುಗಳನ್ನು ಜೆಸಿಬಿ ಎಬ್ಬಿಸಿಹಾಕುತ್ತಿದೆ. ಗೌರಿ ಬಳ್ಳಿಗೆ ನಿಲ್ಲಲು ನೆಲೆಯೇ ಕಡಿಮೆಯಾಗುತ್ತಿದೆ. ಉಳಿದ ಕಡೆ ಔಷಧಿಗೆಂದು ಗಡ್ಡೆ ಅಗೆದು ಒಯ್ಯುವವರಿದ್ದಾರೆ. ಮನೆಯಂಗಳದಲ್ಲಿ ಗುರುತಿಟ್ಟು ಬೆಳೆಸಿದರೆ ಕಾಡಿನದು ಕಾಡಿಗೆ ಉಳಿಯುತ್ತದೆ. ಜೋಗಿಮಟ್ಟಿ ಈಗ ವನ್ಯಜೀವಿ ಧಾಮ, ಅಲ್ಲಿಂದ ಒಂದು ಗಡ್ಡೆ ಅಗೆದರೂ ಅಪರಾಧ. ನರ್ಸರಿಯಿಂದಲೋ ಈಗಾಗಲೇ ಬೆಳೆಸುತ್ತಿರುವವರಿಂದಲೋ ತನ್ನಿ. ಹಿರಿಯೂರಿನಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ, ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಗುರುತಿನ ಅನುಮಾನ ಬಂದರೆ ಒಂದು ಎಲೆ, ಒಂದು ಹೂ ಹಿಡಿದು ಅಲ್ಲಿಗೆ ಹೋಗಿ ಕೇಳಬಹುದು.

ಬೀಜದಿಂದಲೂ ಬರುತ್ತದೆ, ಆದರೆ ಹೂ ನೋಡಲು ಕೆಲವು ವರ್ಷ ಕಾಯಬೇಕು. ಗಡ್ಡೆಯಿಂದಾದರೆ ಆ ವರ್ಷವೇ ಹೂ. ಐವತ್ತು ಅರವತ್ತು ಗ್ರಾಂ ತೂಗುವ ಗಡ್ಡೆ ಆರಿಸಿ. ಹಿಡಿಯುವಾಗ ಬಹಳ ಜೋಪಾನ. ಮೊಳಕೆಯೊಡೆಯುವ ಕಣ್ಣು ಪ್ರತಿ ಬೆರಳಿನ ತುದಿಯಲ್ಲಿ ಮಾತ್ರ ಇರುತ್ತದೆ. ಆಲೂಗಡ್ಡೆಗಿದ್ದಂತೆ ಮೈಯೆಲ್ಲ ಕಣ್ಣಿಲ್ಲ. ತುದಿ ಮುರಿದರೆ ಆ ಬೆರಳು ಸತ್ತಂತೆಯೇ. ಗಡ್ಡೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಕೆಲವರ ಚರ್ಮಕ್ಕೆ ಅದರ ರಸ ತುರಿಕೆ ತರುತ್ತದೆ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಮಣ್ಣಿನ ವಿಷಯದಲ್ಲಿ ನಮ್ಮ ತಾಲೂಕುಗಳು ಒಂದೇ ಥರ ಇಲ್ಲ. ಹೊಸದುರ್ಗದ ಗರಸು ಮಿಶ್ರಿತ ಕೆಂಪು ನೆಲ, ಚಿತ್ರದುರ್ಗದ ಗುಡ್ಡಗಳ ಬುಡದ ಕಲ್ಲುಮಣ್ಣು ಈ ಬಳ್ಳಿಗೆ ಹೇಳಿಮಾಡಿಸಿದಂಥವು. ನೀರು ನಿಲ್ಲುವುದಿಲ್ಲ, ಗಡ್ಡೆ ಕೊಳೆಯುವುದಿಲ್ಲ. ಹೊಳಲ್ಕೆರೆಯ ಅಡಿಕೆ ತೋಟದವರು ತೋಟದೊಳಗೆ ಹಾಕುವ ಆಸೆ ಬಿಡಬೇಕು. ನೆರಳು ಹೆಚ್ಚು, ತೇವ ಹೆಚ್ಚು, ಮೇಲಾಗಿ ಅಲ್ಲಿ ಕೂಲಿಯವರು ಬರಿಗೈಯಲ್ಲಿ ಅಗೆಯುತ್ತಾರೆ. ಬೇಲಿಯ ಹೊರ ಅಂಚು ಒಳ್ಳೆಯದು. ಹಿರಿಯೂರಿನವರಿಗೆ ತುಸು ಹೆಚ್ಚಿನ ಕೆಲಸ. ವೇದಾವತಿಯ ಬಯಲಿನ ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ಕಾಲುವೆ ನೀರು ಹಾಯುವ ಹೊಲಗಳಲ್ಲಂತೂ ನೆಲ ಬೇಸಿಗೆಯಲ್ಲೂ ಹಸಿ. ಅಂಥಲ್ಲಿ ಏರುಮಡಿ ಮಾಡಿ, ಕೆಂಪುಮಣ್ಣು, ದಪ್ಪ ಮರಳು, ಕಳಿತ ಗೊಬ್ಬರ ಸಮಸಮ ಬೆರೆಸಿ ತುಂಬಬೇಕು. ಇಲ್ಲವೇ ಕುಂಡದಲ್ಲಿ ಬೆಳೆಸಿ. ಒಂದಡಿ ಬಾಯಿಯ ಕುಂಡಕ್ಕೆ ಒಂದೇ ಗಡ್ಡೆ ಸಾಕು. ಪುಟ್ಟ ಮಕ್ಕಳಿರುವ ಮನೆಗೆ ನಾನು ಕುಂಡವನ್ನೇ ಹೇಳುತ್ತೇನೆ. ಎತ್ತರದಲ್ಲಿಡಬಹುದು, ಗಡ್ಡೆ ಎಲ್ಲಿದೆ ಎಂಬುದು ಯಾವತ್ತೂ ಮರೆಯುವುದಿಲ್ಲ.

ರೋಹಿಣಿಯಿಂದ ಆರಿದ್ರೆಯವರೆಗೆ ನೆಡುವ ಕಾಲ. ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೇಲೆ ಎರಡು ಮೂರು ಅಂಗುಲ ಮಣ್ಣು ಮುಚ್ಚಿ. ಗಡ್ಡೆಯಿಂದ ಗಡ್ಡೆಗೆ ಒಂದೂವರೆ ಅಡಿ ಬಿಡಿ. ಮೊಳಕೆ ಕಾಣುವವರೆಗೆ ನೀರು ಸುರಿಯಬೇಡಿ, ತೇವ ಇದ್ದರೆ ಸಾಕು. ಮೊಳಕೆ ಬಂದ ಕೂಡಲೇ ಆಸರೆ ಕೊಡಿ. ನಮ್ಮ ಕಡೆ ಆಷಾಢದ ಗಾಳಿ ಎಂಥದ್ದೆಂದು ಗಾಳಿಯಂತ್ರಗಳು ನಿಂತಿರುವ ನಮ್ಮ ಗುಡ್ಡಗಳೇ ಹೇಳುತ್ತವೆ. ಈ ಬಳ್ಳಿಯ ಕಾಂಡವೋ ಗಾಜಿನಷ್ಟು ಮುರುಕು. ನುಣುಪು ಕಂಬಕ್ಕೆ, ದಪ್ಪ ಬಿದಿರಿಗೆ ಅದರ ಎಲೆಯ ಕುಡಿ ಸುತ್ತಿಕೊಳ್ಳಲಾರದು. ಸಣ್ಣ ಸಣ್ಣ ಕೊಂಬೆಗಳಿರುವ ಒಣಗಿಡ ಬೇಕು. ನಮ್ಮ ಗುಡ್ಡಗಳ ತುಂಬ ಬೆಳೆಯುವ ಬಂದರಿಕೆಯ ಒಣ ಟೊಂಗೆ ಇದಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ಬಂದರಿಕೆ ಇದ್ದರೆ ಪ್ಲಾಸ್ಟಿಕ್ ಬಲೆ ಕೊಳ್ಳುವ ಖರ್ಚು ಏಕೆ?

ಒಂದು ಹುಳ ಬರುತ್ತದೆ. ಕಪ್ಪು ಮೈ, ಮೇಲೆ ಬಿಳಿ ಮತ್ತು ಕಿತ್ತಳೆಗೆಂಪಿನ ಚುಕ್ಕೆಗಳು. ಪಾಲಿಟೆಲಾ ಎಂಬ ಪತಂಗದ ಮರಿ ಅದು. ಲಿಲ್ಲಿ ಜಾತಿಯ ಗಿಡಗಳ ಎಲೆಯೇ ಅದರ ಊಟ, ಗೌರಿ ಬಳ್ಳಿಯ ಎಲೆ ಅದಕ್ಕೆ ಬಲು ಪ್ರೀತಿ. ನಮ್ಮನ್ನು ಕೊಲ್ಲುವ ವಿಷ ಅದಕ್ಕೆ ಏನೂ ಮಾಡುವುದಿಲ್ಲ. ಎರಡು ದಿನ ನೋಡದೆ ಬಿಟ್ಟರೆ ಬಳ್ಳಿ ಬೋಳು. ಬೆಳಗ್ಗೆ ಎಲೆಯ ಅಡಿ ನೋಡಿ ಕಡ್ಡಿಯಿಂದ ಆಯ್ದು ತೆಗೆದರೆ ಸಾಕು, ಮನೆಯ ನಾಲ್ಕು ಬಳ್ಳಿಗೆ ಕೀಟನಾಶಕ ಬೇಕಿಲ್ಲ.

ಶಲಾಕೆ ಪಕ್ಕಕ್ಕೆ ತಿರುಗಿರುವ ಸಂಗತಿಯನ್ನು ಹೇಳುವುದು ಉಳಿದಿದೆ. ಹೂ ತನ್ನದೇ ಪರಾಗ ತನಗೆ ತಾಗದ ಹಾಗೆ ಕೇಸರಗಳಿಂದ ಶಲಾಕೆಯನ್ನು ದೂರ ಹಿಡಿಯುತ್ತದೆ. ದೊಡ್ಡ ಚಿಟ್ಟೆಯೋ ಸೂರಕ್ಕಿಯೋ ಬಂದು ಹೂವಿಂದ ಹೂವಿಗೆ ಪರಾಗ ದಾಟಿಸಬೇಕು. ಇವು ಬಾರದ ಕಡೆ ಹೂ ಬಿಟ್ಟೂ ಕಾಯಿ ಕಟ್ಟುವುದು ಕಡಿಮೆ. ತಮಿಳುನಾಡಿನಲ್ಲಿ ಇದು ರಾಜ್ಯದ ಹೂ, ಸೆಂಗಾಂದಳ್ ಎನ್ನುತ್ತಾರೆ. ಅಲ್ಲಿ ಧಾರಾಪುರ, ಮೂಲನೂರು, ದಿಂಡಿಗಲ್ ಕಡೆಯ ರೈತರು ಎಕರೆಗಟ್ಟಲೆ ಇದನ್ನೇ ಬೆಳೆಯುತ್ತಾರೆ. ಬೀಜ ಔಷಧಿ ಕಂಪನಿಗಳಿಗೆ, ಹೊರದೇಶಗಳಿಗೆ ಹೋಗುತ್ತದೆ. ಅಲ್ಲಿ ಬೆಳಗಿನ ಹೊತ್ತು ಕೂಲಿಯಾಳುಗಳು ಒಂದೊಂದು ಹೂವಿನ ಹತ್ತಿರವೂ ಹೋಗಿ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಎಂಥ ತಾಳ್ಮೆಯ ಕೆಲಸ! ನಮ್ಮ ಕಡೆಯೂ ಮಳೆ ಕಡಿಮೆ, ಕೆಂಪು ನೆಲ, ಅಂಥದೇ ಬಿಸಿಲು. ಆದರೂ ಕೊಳ್ಳುವವರು ಗೊತ್ತಿಲ್ಲದೆ, ಕೂಲಿಯ ಲೆಕ್ಕ ಹಾಕದೆ, ಬೆಲೆ ಕೇಳಿದ ಮಾತ್ರಕ್ಕೆ ಎಕರೆಗಟ್ಟಲೆ ನೆಡಲು ಹೊರಡಬೇಡಿ ಎಂದು ರೈತಬಾಂಧವರಲ್ಲಿ ಕೇಳಿಕೊಳ್ಳುತ್ತೇನೆ. ಬೆಲೆ ಏರಿಳಿಯುವ ಬೆಳೆ ಇದು. ಒಂದಷ್ಟು ಜನ ಸೇರಿ, ಖರೀದಿಯ ಮಾತು ಮುಗಿಸಿಕೊಂಡು ಇಳಿಯುವುದು ಕ್ಷೇಮ.

ದೂರದ ಆಫ್ರಿಕಾದ ಕಾಡುಗಳಲ್ಲೂ ಇದೇ ಬಳ್ಳಿ ಇದೆ. ಜಿಂಬಾಬ್ವೆಯ ರಾಷ್ಟ್ರೀಯ ಹೂ ಇದು. 1947ರಲ್ಲಿ ಅಲ್ಲಿಗೆ ಹೋದ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್‌ಗೆ ಇಪ್ಪತ್ತೊಂದು ತುಂಬಿದಾಗ ಈ ಹೂವಿನ ಆಕಾರದ ವಜ್ರದ ಬ್ರೂಚ್ ಉಡುಗೊರೆಯಾಗಿ ಬಂತು. ಅವರು ವಜ್ರದಲ್ಲಿ ಮಾಡಿಸಿದ ಹೂ ನಮ್ಮ ಹಳೆಯ ಬೇಲಿಗಳಲ್ಲಿ ಮಳೆನೀರು ಕುಡಿದು ತಾನಾಗಿ ಬೆಳೆಯುತ್ತದೆ.

ಹಬ್ಬದ ಮಾತಿಗೆ ಬರುತ್ತೇನೆ. ಗೌರಿಗೆ ಈ ಹೂ ಏರಿಸುವ ಪದ್ಧತಿ ಇರುವ ಮನೆಯವರು ಅದನ್ನು ಬಿಡಬೇಕಾಗಿಲ್ಲ. ಮೂರ್ತಿಗೆ ಏರಿಸಿ, ಮಂಟಪಕ್ಕೆ ಕಟ್ಟಿ. ಆದರೆ ಕಳಶದ ನೀರಿಗೆ, ತೀರ್ಥದ ಬಟ್ಟಲಿಗೆ, ನೈವೇದ್ಯದ ತಟ್ಟೆಗೆ ಹಾಕಬೇಡಿ. ಪೂಜೆ ಮುಗಿದ ಮೇಲೆ ನಿರ್ಮಾಲ್ಯವನ್ನು ಹಸುವಿನ ಬಾನಿಗೆ, ಮೇಕೆ ಕಟ್ಟುವ ಕಡೆಗೆ ಎಸೆಯುವುದು ನಮ್ಮಲ್ಲಿ ರೂಢಿ. ಈ ಹೂ ಇದ್ದರೆ ಆ ರೂಢಿ ಬೇಡ, ಗುಂಡಿ ತೋಡಿ ಮುಚ್ಚಿ. ಮೇಯಲು ಬಿಟ್ಟ ದನ ಸಾಮಾನ್ಯವಾಗಿ ಇದನ್ನು ಮೂಸಿ ಬಿಡುತ್ತದೆ. ಕಟ್ಟಿಹಾಕಿದ, ಹಸಿದ ದನಕ್ಕೆ ಆರಿಸಿ ತಿನ್ನುವ ಅನುಕೂಲ ಇರುವುದಿಲ್ಲ. ಬೇಸಿಗೆಯಲ್ಲಿ ಬೇಲಿ ಸವರಿ ಆ ಸೊಪ್ಪನ್ನೇ ಕುರಿಮರಿಗಳ ಮುಂದೆ ಹಾಕುವವರು, ಮುಂಗಾರಿನಲ್ಲಿ ಹಾಗೆ ಮಾಡುವಾಗ ಒಮ್ಮೆ ಎಲೆಯ ತುದಿ ನೋಡಬೇಕು.

ಇಂಥ ಎಚ್ಚರ ಕಣಗಿಲೆಗೂ ಬೇಕು. ಅದು ನಮ್ಮ ದೇವಸ್ಥಾನಗಳ ಅಂಗಳದಲ್ಲಿ, ಶಾಲೆಯ ಆವರಣದಲ್ಲಿ, ಹೆದ್ದಾರಿಯ ನಡುಪಟ್ಟಿಯಲ್ಲಿ ಸಾಲುಸಾಲಾಗಿ ಇದೆ. ಅದರ ವಿಷ ಬೇರೆ ಬಗೆಯದು, ನೇರ ಹೃದಯಕ್ಕೇ ತಾಗುತ್ತದೆ. 2024ರಲ್ಲಿ ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಕಣಗಿಲೆಯ ಎಲೆ, ಹೂ ಕಾರಣವಿರಬಹುದು ಎಂಬ ಮಾತು ಎದ್ದ ಮೇಲೆ, ಆ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದದಲ್ಲಿ ಕಣಗಿಲೆ ಹೂ ಬಳಸಬಾರದೆಂದು ತೀರ್ಮಾನಿಸಿದವು. ಗಿಡ ಕಡಿಯಿರಿ ಎನ್ನಲಿಲ್ಲ, ಬಾಯಿಗೆ ಹೋಗುವ ದಾರಿಯನ್ನು ಮುಚ್ಚಿದರು. ಸರಿಯಾದ ಕ್ರಮ ಅದು. ನಮ್ಮ ದೇವಸ್ಥಾನಗಳ ಅರ್ಚಕರೂ ಇದನ್ನು ಗಮನಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಶಾಲೆಯ ಮೇಷ್ಟ್ರುಗಳಲ್ಲೂ ಒಂದು ವಿನಂತಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಊರ ಬೇಲಿಯ ಹತ್ತಿರ ಕರೆದೊಯ್ದು ಈ ಬಳ್ಳಿ ತೋರಿಸಿ. ಎಲೆಯ ತುದಿ, ಮಡಚಿದ ಎಸಳು, ತಿರುಗಿದ ಶಲಾಕೆ ನೋಡಲಿ. ಚಿತ್ರ ಬರೆಯಲಿ. ಇದರ ಯಾವ ಭಾಗವೂ ಬಾಯಿಗೆ ಹೋಗಬಾರದು ಎಂದು ಅವರ ಬಾಯಿಂದಲೇ ಹೇಳಿಸಿ. ಸಂಜೆ ಆ ಮಕ್ಕಳೇ ಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ಪಾಠ ಮಾಡುತ್ತಾರೆ.

ಕೊನೆಯದಾಗಿ ಗಡ್ಡೆ ತೆಗೆದಿಡುವ ಮಾತು. ಬಳ್ಳಿ ಹಳದಿಯಾದಾಗ ನೀರು ನಿಲ್ಲಿಸಿ. ಕಾಂಡ ಪೂರ್ತಿ ಒಣಗಿದ ಮೇಲೆ, ಸಂಕ್ರಾಂತಿಯ ಸುಮಾರಿಗೆ, ಗಡ್ಡೆ ತೆಗೆಯಬಹುದು. ಹಾಕಿದ ಹಳೆಯ ಗಡ್ಡೆ ಸೊರಗಿ, ಹೊಸತು ಎರಡು ಬೆರಳಾಗಿ ಕೂಡಿಕೊಂಡಿರುತ್ತದೆ. ಸಲಿಕೆಯಿಂದ ದೂರದಿಂದ ಅಗೆದು, ಮಣ್ಣು ಉದುರಿಸಿ, ನೆರಳಲ್ಲಿ ಒಂದೆರಡು ದಿನ ಆರಲು ಬಿಡಿ. ಒಣಮರಳು ತುಂಬಿದ ಡಬ್ಬಿಯಲ್ಲಿ ಹೂತಿಟ್ಟರೆ ಮೇ ತಿಂಗಳವರೆಗೆ ಕೆಡುವುದಿಲ್ಲ. ಆ ಡಬ್ಬಿ ಅಡುಗೆಮನೆಯಲ್ಲೂ ಬೇಡ, ಈರುಳ್ಳಿ ಆಲೂಗಡ್ಡೆ ಇಡುವ ಅಟ್ಟದಲ್ಲೂ ಬೇಡ. ಮುಚ್ಚಳಕ್ಕೆ ಕೆಂಪು ಬಣ್ಣ ಬಳಿದು, ವಿಷ ಎಂದು ದಪ್ಪಕ್ಷರದಲ್ಲಿ ಬರೆದು, ಬೀಗ ಹಾಕುವ ಕಡೆ ಇಡಿ. ನೆಲದಲ್ಲೇ ಬಿಡುವುದಾದರೆ ಸುತ್ತ ನಾಲ್ಕು ಕಲ್ಲು ನೆಟ್ಟು ಗುರುತು ಮಾಡಿ, ಬೇಸಿಗೆಯಲ್ಲಿ ಅಲ್ಲಿ ಯಾರೂ ಗುಂಡಿ ತೋಡದಂತೆ ಹೇಳಿಡಿ. ನೆಂಟರಿಗೋ ಸ್ನೇಹಿತರಿಗೋ ಗಡ್ಡೆ ಕೊಡುವಾಗ ಹಾಗೇ ಕೊಟ್ಟು ಕಳಿಸಬೇಡಿ. ಒಂದು ಚೀಟಿ ಕಟ್ಟಿ: ಮೇಲೆ ಗೌರಿ ಹೂವಿನ ಗಡ್ಡೆ, ಅದರ ಕೆಳಗೆ ತಿನ್ನಬಾರದು, ವಿಷ, ಕೊನೆಗೆ ಮೃಗಶಿರ ಮಳೆಗೆ ನೆಡುವುದು. ಓದಲು ಬಾರದವರ ಮನೆಗಾದರೆ ನೀವೇ ಜೊತೆಗೆ ಹೋಗಿ, ನೆಟ್ಟುಕೊಟ್ಟು, ಮನೆಮಂದಿಯನ್ನೆಲ್ಲ ಕರೆದು ಹೇಳಿ ಬನ್ನಿ.